ಅಡುಗೆಮನೆ ಗೋಡೆಯ ಇಪ್ಪತ್ತೊಂದು ಗೀಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇದು ಹೀಗೆಯೇ ನಡೆಯಿತೆಂದು ನಾನು ಆಣೆ ಮಾಡಲಾರೆ. ನಡೆದಾಗ ನಾನು ಅಲ್ಲಿಯೇ ಇದ್ದೆ ಎಂಬುದು ನಿಜ. ಆದರೆ ಅಲ್ಲಿದ್ದವನ ನೆನಪನ್ನು ಎಷ್ಟು ನಂಬಬಹುದು ಎಂಬ ಬಗ್ಗೆ ನನಗೆ ಮೊದಲಿನಿಂದಲೂ ಗುಮಾನಿ. ನನ್ನ ಪ್ರಕಾರ ಅದು ನಮ್ಮ ಕಡೆಯ ಕಾಲುವೆಗೆ ಮೊದಲ ಸಲ ನೀರು ಬಿಟ್ಟ ವರ್ಷ. ನನ್ನ ಹೆಂಡತಿ ಶಾಂತಾಳ ಪ್ರಕಾರ ಅದರ ಮರುವರ್ಷ. ಅವಳ ಬಳಿ ಸಾಕ್ಷಿಯೂ ಇದೆ: ಆ ವರ್ಷ ನಮ್ಮ ಮನೆಗೆ ಗಾಡ್ರೇಜು ಬಂದಿತ್ತಂತೆ. ಕಬ್ಬಿಣದ ಅಲಮಾರಿಯ ಮುಂದೆ ನನ್ನ ನೆನಪು ಎಷ್ಟು ಹೊತ್ತು ನಿಂತೀತು? ನಾನು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಯಾವುದನ್ನೂ ಸುಲಭಕ್ಕೆ ನಂಬಬಾರದು ಎಂಬುದೊಂದೇ ಅಲ್ಲಿ ಎರಡು ವರ್ಷ ಕಲಿತದ್ದರ ಸಾರ. ಆ ವಿದ್ಯೆ ಹೊತ್ತುಕೊಂಡು ಶಹಾಪುರದ ಕಾಲೇಜಿಗೆ ಬಂದು ಪಾಠ ಹೇಳುತ್ತ, ಊರಿನವರ ಬಾಯಲ್ಲಿ ‘ಲೆಕ್ಕದ ಮಾಸ್ತರ’ ಆಗಿ ಉಳಿದಿದ್ದೇನೆ.

ಆ ಬೇಸಿಗೆ ನಾನು ಉತ್ತರಪತ್ರಿಕೆ ತಿದ್ದಲು ಕಲಬುರಗಿಗೆ ಹೋಗಿದ್ದೆ. ಮೇ ತಿಂಗಳು, ತಗಡಿನ ಮಾಡು, ತಲೆಯ ಮೇಲೊಂದು ಫ್ಯಾನು. ಆ ಫ್ಯಾನು ಗಾಳಿ ಬೀಸುತ್ತಿರಲಿಲ್ಲ, ಇದ್ದ ಬಿಸಿಯನ್ನೇ ಎಲ್ಲರಿಗೂ ಸಮನಾಗಿ ಹಂಚುತ್ತಿತ್ತು. ಮೂರು ವಾರ ಹುಡುಗರು ಬರೆದ ತಪ್ಪುಗಳನ್ನು ಓದಿ, ಹೋಟೆಲಿನ ಎಣ್ಣೆ ತಿಂದು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಿಸಿಗಾಳಿ ಕುಡಿದು ಊರಿಗೆ ಮರಳಿದಾಗ ನನ್ನಲ್ಲಿ ಏನೂ ಉಳಿದಿರಲಿಲ್ಲ. ಜ್ವರವಿಲ್ಲ, ಕೆಮ್ಮಿಲ್ಲ, ಎದೆನೋವಿಲ್ಲ. ಜನಕ್ಕೆ ಹೇಳಿಕೊಳ್ಳಲು ಮರ್ಯಾದಸ್ಥ ರೋಗವೊಂದೂ ಇಲ್ಲ. ಆದರೆ ಕಾಲೇಜಿನ ಹದಿನೆಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ನಿಂತು, ಗೋಡೆಯ ಮೇಲಿನ ನೋಟೀಸು ಓದುವವನಂತೆ ನಟಿಸಬೇಕಾಗುತ್ತಿತ್ತು. ಊರ ಹೊರಗೆ ನಮ್ಮದೊಂದು ಗುಡ್ಡವಿದೆ. ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತದೆ. ಮಧ್ಯಾಹ್ನ ಮನೆಗೆ ಬಂದು ನಾನೂ ಹಾಗೆಯೇ ಮಲಗುತ್ತಿದ್ದೆ. ಅವನ ಮುಖದಲ್ಲಿ ಶಾಂತಿ ಇರುತ್ತಿತ್ತು, ನನ್ನ ಮುಖದಲ್ಲಿ ನೊಣ.

ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. “ಎಲ್ಲಾ ಚಲೋ ಅದ ಸರ. ಬಿಸಿಲಿಗಿ ಸೊರಗೀರಿ, ಅಷ್ಟೇ. ನೀರು ಕುಡೀರಿ, ವ್ಯಾಳ್ಯಾಕ್ಕ ಉಣ್ರಿ, ನಿದ್ದಿ ಮಾಡ್ರಿ. ಮೂರ್ನಾಕು ವಾರದಾಗ ತಾನೇ ಸರಿ ಹೋಗ್ತದ,” ಎಂದರು. ನನಗೆ ಇದು ಬಹಳ ಇಷ್ಟವಾಯಿತು. ಆದರೆ ‘ತಾನೇ ಸರಿ ಹೋಗುವುದು’ ನಮ್ಮ ಊರಿನಲ್ಲಿ ಯಾರಿಗೂ ಒಪ್ಪಿಗೆಯಿಲ್ಲ. ಓಣಿಯಲ್ಲಿ ಕಂಡವರೆಲ್ಲ ಒಂದೊಂದು ಮದ್ದು ಹೇಳಿದರು. ಕಾಲೇಜಿನ ಜವಾನ ಸಾಯಬಣ್ಣ, “ಸರ, ಕಿಸೇದಾಗ ಒಂದು ಉಳ್ಳಾಗಡ್ಡಿ ಇಟ್ಕೊಂಡು ತಿರುಗಾಡ್ರಿ, ಬಿಸಿಲು ನಿಮ್ಮ ಹತ್ರ ಸುಳಿಯಲ್ಲ,” ಎಂದು ತಾನೇ ಒಂದು ಈರುಳ್ಳಿ ತಂದು ನನ್ನ ಅಂಗಿಯ ಜೇಬಿಗೆ ಹಾಕಿದ. ನಾನು ನಂಬಲಿಲ್ಲ, ಆದರೆ ತೆಗೆದು ಎಸೆಯಲೂ ಇಲ್ಲ. ಅದೇ ದಿನ ಬೇಸಿಗೆಯ ವಿಶೇಷ ತರಗತಿಯಲ್ಲಿ ಸೀಮೆಸುಣ್ಣವೆಂದು ಅದನ್ನೇ ಹೊರತೆಗೆದು ಬೋರ್ಡಿನ ಮೇಲೆ ಅರ್ಧ ಸಮೀಕರಣ ಬರೆದೆ. ಏನೂ ಮೂಡಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಬಹಳ ಗೌರವದಿಂದ, “ಸರ, ಕಾಣವಲ್ದ್ರಿ,” ಎಂದಳು.

ಈ ಸುದ್ದಿ ಹೇಗೋ ಕಕ್ಕೇರಾ ಕಡೆಯ ನನ್ನ ಅತ್ತೆಯ ಊರು ಮುಟ್ಟಿತು. ಶಾಂತಾಳೇ ಮುಟ್ಟಿಸಿದ್ದಳೆಂದು ನನ್ನ ಊಹೆ. ಮೂರನೇ ದಿನ ಬೆಳಗಿನ ಬಸ್ಸಿಗೆ ಅತ್ತೆ ನೀಲವ್ವ ಬಂದಿಳಿದರು. ಒಂದು ಕೈಯಲ್ಲಿ ಮಣ್ಣಿನ ಗಡಿಗೆ, ಇನ್ನೊಂದರಲ್ಲಿ ಜೋಳದ ಹಿಟ್ಟಿನ ಸಣ್ಣ ಅರಿವೆ ಗಂಟು.

ಇಲ್ಲಿ ನಮ್ಮ ಕಡೆಯ ಎರಡು ರೀತಿಗಳನ್ನು ಹೇಳಬೇಕು. ಅಳಿಯನ ಮನೆಯಲ್ಲಿ ಅತ್ತೆ ಕಾರಣವಿಲ್ಲದೆ ಉಳಿಯುವಂತಿಲ್ಲ. ಬಂದರೆ ಬಾಣಂತನಕ್ಕೆ ಬರಬೇಕು, ಇಲ್ಲವೇ ಜಡ್ಡಿಗೆ, ಅಂದರೆ ಕಾಯಿಲೆಗೆ, ಬರಬೇಕು. ಕಾರಣ ಮುಗಿದ ಮೇಲೆ ಒಂದು ಹೊತ್ತು ಹೆಚ್ಚಿಗೆ ಉಂಡರೂ ಜನ ಮಾತಾಡುತ್ತಾರೆ, ಜನಕ್ಕಿಂತ ಮೊದಲು ಅತ್ತೆಯ ಮನಸ್ಸೇ ಮಾತಾಡುತ್ತದೆ. ಎರಡನೆಯದು, ಅತ್ತೆ ಅಳಿಯನ ಮುಖ ನೋಡಿ ನೇರ ಮಾತಾಡುವುದಿಲ್ಲ. ಮದುವೆಯಾಗಿ ಎಂಟು ವರ್ಷವಾಗಿದ್ದರೂ ನೀಲವ್ವ ನನ್ನೊಡನೆ ಒಂದು ಮಾತನ್ನೂ ನೇರವಾಗಿ ಆಡಿರಲಿಲ್ಲ. ಸೆರಗು ಎಳೆದುಕೊಂಡು, ನನಗೆ ಹೇಳಬೇಕಾದದ್ದನ್ನು ಮಗಳಿಗೆ ಹೇಳುತ್ತಿದ್ದರು. ಮಗಳು ಇಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದರು.

“ಶಾಂತವ್ವಾ, ಅಳಿಯಾರಿಗಿ ಹೇಳು. ಇಪ್ಪತ್ತೊಂದು ದಿನ ಹೊತ್ತು ಮೂಡೂದ್ರಾಗ ಒಂದು ತಂಬಿಗಿ ಹುಳಿ ಅಂಬಲಿ ಕುಡೀಬೇಕು. ಒಂದು ದಿನ ಸೈತ ಬಿಡಂಗಿಲ್ಲ.”

“ಶಾಂತಾ, ನಿಮ್ಮವ್ವಗ ಹೇಳು. ಇಪ್ಪತ್ತೊಂದೇ ಯಾಕ? ಇಪ್ಪತ್ತು ಯಾಕ ಅಲ್ಲ?” ಎಂದೆ ನಾನು.

ನನಗೂ ಅತ್ತೆಗೂ ನಡುವೆ ಮೂರು ಅಡಿ ಅಂತರವಿತ್ತು. ಶಾಂತಾ ಒಲೆಯ ಮುಂದೆ ಕೂತಿದ್ದಳು. “ನಾ ಏನು ಟಪಾಲಿನ ಡಬ್ಬಿ ಏನು? ಇಬ್ರಿಗೂ ಕಿವಿ ಅದಾವಲ್ಲ,” ಎಂದಳು.

ಅತ್ತೆ ಗಡಿಗೆಯ ಕಡೆ ತಿರುಗಿ ಹೇಳಿದರು: “ಓದಿದವ್ರಿಗಿ ಎಲ್ಲಾದಕ್ಕೂ ಯಾಕ ಬೇಕು. ಹೊಟ್ಟಿಗಿ ಯಾಕ ಬೇಕಾಗಿಲ್ಲ. ಅದಕ್ಕ ಅಂಬಲಿ ಬೇಕು.” ಹಾಗೆಂದು ಒಲೆಯಿಂದ ಒಂದು ತುಂಡು ಇದ್ದಲಿ ತೆಗೆದು, ಅಡುಗೆಮನೆಯ ಸುಣ್ಣದ ಗೋಡೆಯ ಮೇಲೆ ಮೊದಲ ಗೀಟು ಎಳೆದರು. ಹಾಲಿನವನ ಲೆಕ್ಕವನ್ನೂ ಅಗಸರ ಲೆಕ್ಕವನ್ನೂ ನಮ್ಮ ಕಡೆ ಹೆಂಗಸರು ಇಡುವುದು ಹೀಗೆಯೇ. ನಾಲ್ಕು ನಿಂತ ಗೀಟು, ಅದರ ಮೇಲೊಂದು ಅಡ್ಡ ಗೀಟು, ಐದು.

ಅಂಬಲಿಯ ಬಗ್ಗೆ ನ್ಯಾಯವಾಗಿ ಬರೆಯಬೇಕು. ಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ ಹುಳಿಗೆ ಬಿಟ್ಟು, ತೆಳ್ಳಗೆ ಕುದಿಸಿ, ಗಡಿಗೆಯಲ್ಲಿ ಆರಿಸಿ, ಮುಂಜಾನೆ ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ ಹಾಕಿ, ಮೇಲೆ ಉಳ್ಳಾಗಡ್ಡಿಯ ಚೂರು ಉದುರಿಸಿ ಕೊಡುತ್ತಿದ್ದರು. ಮೊದಲ ಗುಟುಕಿಗೆ ಮುಖ ಕಿವುಚಿತು. ನಾಲ್ಕನೇ ದಿನ ಎದ್ದ ಕೂಡಲೇ ತಂಬಿಗೆಯನ್ನು ಹುಡುಕುತ್ತಿದ್ದೆ. ಒಂಬತ್ತನೇ ದಿನವೋ ಹತ್ತನೇ ದಿನವೋ ಕಾಲೇಜಿನ ಮೆಟ್ಟಿಲಲ್ಲಿ ಒಂದೇ ಸಲ ನಿಂತೆ. ಇದಕ್ಕೆ ಅಂಬಲಿಯೇ ಕಾರಣವೆಂದು ನಾನು ಹೇಳಲಾರೆ. ಅಷ್ಟರಲ್ಲಿ ಎರಡು ಮಳೆ ಬಿದ್ದಿದ್ದವು, ಹೋಟೆಲಿನ ಊಟ ತಪ್ಪಿತ್ತು, ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದೆ, ಡಾಕ್ಟರು ಹೇಳಿದ ಮೂರ್ನಾಲ್ಕು ವಾರವೂ ನಡೆದಿತ್ತು. ಒಂದರ ಹಿಂದೆ ಇನ್ನೊಂದು ಬಂದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣವಲ್ಲ ಎಂದು ವರ್ಷಾ ವರ್ಷ ಹುಡುಗರಿಗೆ ಪಾಠ ಹೇಳುವವನು ನಾನು. ಅದನ್ನು ಶಾಂತಾಳಿಗೂ ಹೇಳಿದೆ. “ಹೌದ್ರಿ, ಅದನ್ನ ಹೇಳಾಕ ಸೈತ ಹೋದ ವಾರ ನಿಮಗ ಶಕ್ತಿ ಇರ್ಲಿಲ್ಲ,” ಎಂದಳು.

ನನ್ನ ನಿಜವಾದ ಸಂಕಟ ಶುರುವಾದದ್ದು ಗೀಟುಗಳಿಂದ. ಒಂದು ಬೆಳಿಗ್ಗೆ ತಂಬಿಗೆ ಹಿಡಿದು ಸುಮ್ಮನೆ ಎಣಿಸಿದೆ. ಹನ್ನೆರಡು. ಹಿಂದಿನ ದಿನವೂ ಹನ್ನೆರಡೇ ಇದ್ದ ಹಾಗೆ ನೆನಪು. ಇರಲಿ, ಅತ್ತೆ ಎಳೆಯಲು ಮರೆತಿರಬಹುದು. ನಾಲ್ಕು ದಿನ ಬಿಟ್ಟು ಎಣಿಸಿದೆ. ಹದಿಮೂರು. ಬಿಸಿಲು ಬರೀ ಮೈಗೆ ಬಡಿದಿದೆ ಎಂದುಕೊಂಡಿದ್ದೆ, ತಲೆಗೂ ಬಡಿಯಿತೇ? ಅಂದಿನಿಂದ ಜೇಬಿನ ಸಣ್ಣ ಡೈರಿಯಲ್ಲಿ ನಾನೂ ಗೀಟು ಹಾಕತೊಡಗಿದೆ. ಆದರೆ ಎರಡು ದಿನ ಹಾಕಲು ಮರೆತೆ. ಮರೆತದ್ದು ಎರಡೇ ದಿನವೋ ಮೂರೋ ಎಂಬುದನ್ನೂ ಮರೆತೆ. ಗೋಡೆಯನ್ನು ಡೈರಿಯಿಂದ, ಡೈರಿಯನ್ನು ನೆನಪಿನಿಂದ, ನೆನಪನ್ನು ಗೋಡೆಯಿಂದ ತಾಳೆ ನೋಡುತ್ತ ಕೂತೆ. ಮೂರೂ ಬೇರೆ ಬೇರೆ ಸಂಖ್ಯೆ ಹೇಳಿದವು. ಡೈರಿಯನ್ನು ಬಿಟ್ಟು ಉಳಿದೆರಡರ ಸರಾಸರಿ ತೆಗೆದರೆ ಹದಿನಾಲ್ಕೂವರೆ ಬಂತು. ಅರ್ಧ ದಿನ ಅಂಬಲಿ ಕುಡಿದ ನೆನಪು ನನಗೆ ಇರಲಿಲ್ಲ.

ಇನ್ನೂ ಒಂದು ಚೋದ್ಯವಿತ್ತು. ಅತ್ತೆ ತಂದ ಹಿಟ್ಟಿನ ಗಂಟು ಅಂಗೈಯಗಲದ್ದು. ಇಪ್ಪತ್ತೊಂದು ದಿನಕ್ಕೆ ಅಳೆದಷ್ಟೇ ಇದೆ, ಹಿಡಿ ಹೆಚ್ಚಿಲ್ಲ ಎಂದು ಅವರೇ ಗೋಡೆಗೆ ಹೇಳಿದ್ದನ್ನು ಕೇಳಿದ್ದೆ. ಅದು ಬರಿದಾಗುತ್ತಲೇ ಇರಲಿಲ್ಲ. ಶಾಂತಾ ಪೇಟೆಯಿಂದ ತರುತ್ತಾಳೆ ಎಂದು ನಾನು ತಿಳಿದೆ. ನಾನು ತರುತ್ತೇನೆ ಎಂದು ಅವಳು ತಿಳಿದಿದ್ದಳಂತೆ.

ಕೊನೆಗೊಂದು ಮುಂಜಾನೆ ನನಗೆ ಎಚ್ಚರ ಬೇಗ ಆಯಿತು. ಹಿತ್ತಲಿನಿಂದ ಮುಖ ತೊಳೆದು ಬರುವಾಗ ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ನೀಲವ್ವ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ, ಗೋಡೆಯ ಮೇಲಿನ ಗೀಟುಗಳಲ್ಲಿ ಎರಡನ್ನು ಮೆಲ್ಲಗೆ ಒರೆಸುತ್ತಿದ್ದರು. ಕೂಸಿನ ಬಾಯಿ ಒರೆಸುವಷ್ಟು ಮೆಲ್ಲಗೆ. ಆಮೇಲೆ ಸುಣ್ಣದ ಪುಡಿ ಬೆರಳಿಗೆ ಹಚ್ಚಿಕೊಂಡು ಒದ್ದೆ ಜಾಗಕ್ಕೆ ಸವರಿದರು. ಕೆಲಸ ಅಷ್ಟು ಚೊಕ್ಕವಾಗಿತ್ತು.

ನನಗೆ ಮೊದಲು ಆದದ್ದು ಸಂತೋಷ. ನನ್ನ ತಲೆ ಸರಿಯಿದೆ! ಶಾಂತಾಳನ್ನು ಎಬ್ಬಿಸಿ, “ನಿಮ್ಮವ್ವ ದಾಖಲೆ ತಿದ್ದಲಾಕತ್ತಾರ,” ಎಂದು ದೂರು ಕೊಟ್ಟೆ. ಅವಳು ಎದ್ದು ಕೂತಳು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

“ಅಕೀಗಿ ಅಲ್ಲಿ ಕೆಲಸಿಲ್ಲರಿ,” ಎಂದಳು. “ಕಾಲುವಿ ನೀರು ಬಂದ ಮ್ಯಾಲ ನಮ್ಮಣ್ಣ ಹೊಲ ಎಲ್ಲಾ ನೆಲ್ಲು ಮಾಡ್ಯಾನ. ನೀರು ಏರಲಾರದ ದಿನ್ನಿ ಒಂದು ಉಳದದ, ಅಲ್ಲಷ್ಟೇ ಜ್ವಾಳ. ಮನಿಯಾಗ ಮೂರು ಹೊತ್ತು ಅನ್ನ. ಕುಕ್ಕರಿಗಿ ಇಟ್ರ ಆತು, ಸೀಟಿ ಹೊಡೀತದ. ನಮ್ಮವ್ವ ಮೂವತ್ತು ಆಳಿಗಿ ರೊಟ್ಟಿ ಬಡದಾಕಿ. ಈಗ ಸೀಟಿ ಎಣಸಿಕೋತ ಕೂಡ್ತಾಳ. ಯಾರೂ ಕೆಟ್ಟವರಲ್ಲ, ಅಣ್ಣಾನೂ ಚಲೋ, ವೈನೀನೂ ಚಲೋ. ‘ನೀ ಸುಮ್ಮ ಕೂಡವ್ವಾ’ ಅಂತಾರ. ಅದs ಅಕೀಗಿ ಆಗವಲ್ದು. ಬಂದ ದಿನ ಅಕೀನ ಮಾರಿ ನೀವು ನೋಡೀರಿ?”

ನೋಡಿರಲಿಲ್ಲ. ನನ್ನ ಮಾರಿಯನ್ನೇ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದೆ. ಈಗ ನೆನೆಸಿಕೊಂಡರೆ, ಬಸ್ಸಿನಿಂದ ಇಳಿದವರು ಗಡಿಗೆಯನ್ನು ಕಟ್ಟೆಯ ಮೇಲಿಟ್ಟು ದಮ್ಮು ಹಿಡಿದು ನಿಂತಿದ್ದರು. ಕೈಬಳೆ ಮೊಣಕೈತನಕ ಜಾರುತ್ತಿತ್ತು. ಈಗ ಅದೇ ಹೆಂಗಸು ಹೊತ್ತು ಮೂಡುವ ಮೊದಲೇ ಎದ್ದು ನಾಲ್ಕು ಕೊಡ ನೀರು ಸೇದಿ, ಓಣಿಯ ಹೆಂಗಸರೊಡನೆ ಎರಡು ಜಗಳ ಮಾಡಿ, ಹತ್ತು ರೊಟ್ಟಿ ಬಡಿದು ಹಾಕುತ್ತಿದ್ದರು. ಬಿಸಿಲಿಗೆ ಸೊರಗಿದವನು ನಾನೊಬ್ಬನೇ ಎಂದುಕೊಂಡಿದ್ದೆ. ನೆರಳಿನಲ್ಲಿ ಕೂತೂ ಸೊರಗಬಹುದು ಎಂದು ನನಗೆ ಯಾರೂ ಕಲಿಸಿರಲಿಲ್ಲ. ನಮ್ಮ ಮನೆಯಲ್ಲಿ ಅಂಬಲಿಯಿಂದ ಚೇತರಿಸಿಕೊಂಡವರು ಇಬ್ಬರು, ಕುಡಿದವನು ಒಬ್ಬ, ಕಾಯಿಸಿದವರು ಒಬ್ಬರು.

ಈಗ ಸಮಸ್ಯೆ ತಿರುಗಿ ನಿಂತಿತು. ನಾನು ಗುಣವಾದರೆ ಅವರು ಹೋಗಬೇಕು. “ಇರ್ರಿ” ಎಂದು ನಾನು ಬಾಯಿಬಿಟ್ಟು ಹೇಳಿದರೆ ಅಂದೇ ಗಂಟು ಕಟ್ಟುತ್ತಾರೆ. ಅಳಿಯ ಕರುಣೆ ತೋರಿಸಿದ ಎಂಬುದು ಅವರಿಗೆ ಸೀಟಿ ಎಣಿಸುವುದಕ್ಕಿಂತ ಕಡೆ. ಉಳಿದ ದಾರಿ ಒಂದೇ: ನಾನು ಗುಣವಾಗಬಾರದು.

ಸುಸ್ತಾಗಿದ್ದಾಗ ಸುಸ್ತಾಗಿರುವುದು ಸುಲಭ. ಹಸಿವು ಕೆರಳಿ, ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಬಿಗಿಯುತ್ತಿರುವಾಗ ಸುಸ್ತಾಗಿರುವುದು ಮಹಾ ಕಷ್ಟ. ಒಂದು ದಿನ ತುಂಬಿದ ಗ್ಯಾಸಿನ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಓಣಿಯಲ್ಲಿ ಜೋರಾಗಿ ಬರುತ್ತಿದ್ದೆ. ಅತ್ತೆ ಬಾಗಿಲಲ್ಲಿ ಕಂಡರು. ಸಿಲಿಂಡರು ಕೆಳಗಿಟ್ಟು, ಅದರ ಮೇಲೆಯೇ ಕೂತು ಏದುಸಿರು ಬಿಟ್ಟೆ. ಅವರು ಸೆರಗು ಸರಿಮಾಡಿಕೊಂಡು ಬಾಗಿಲ ಚೌಕಟ್ಟಿಗೆ ಹೇಳಿದರು: “ಇನ್ನ ಶಕ್ತಿ ಬಂದಿಲ್ಲ ಬಿಡು. ಇನ್ನೊಂದಿಷ್ಟು ದಿನ ಬೇಕಾಗ್ತದ.” ಚೌಕಟ್ಟು ಏನೂ ಅನ್ನಲಿಲ್ಲ. ನಾನು ಕೆಮ್ಮಿದೆ.

ಸಾಯಬಣ್ಣ ಬೇರೆ. ಮನೆಗೆ ಕಾಗದ ತಂದವನು ಅತ್ತೆಯ ಎದುರಿಗೇ, “ಏನ್ ಸರ, ಮೈ ತುಂಬ್ಕೊಂಡೀರಿ! ಮೆಟ್ಲ ಎರಡೆರಡು ಹಾರಿ ಹತ್ತಾಕತ್ತೀರಿ!” ಎಂದ. “ಬಾವು ಬಂದದಪ್ಪ,” ಎಂದೆ ನಾನು. ಅವನು ಗಾಬರಿಯಿಂದ ಮತ್ತೊಂದು ಉಳ್ಳಾಗಡ್ಡಿ ಕೊಟ್ಟು ಹೋದ.

ನಟನೆ ಸಾಲದೆಂದು ನಾನೂ ಗೀಟು ಒರೆಸತೊಡಗಿದೆ. ಸ್ನಾನದ ಒದ್ದೆ ಟವೆಲಿನಿಂದ, ಯಾರೂ ಇಲ್ಲದಾಗ, ದಿನಕ್ಕೊಂದು. ಅತ್ತೆಯಷ್ಟು ನಾಜೂಕು ನನಗೆಲ್ಲಿ? ಗೋಡೆಯ ಮೇಲೆ ಕಪ್ಪು ಮೋಡ ಎದ್ದಿತು. ಆದರೂ ಲೆಕ್ಕ ಕೂಡಲಿಲ್ಲ. ಅತ್ತೆ ಒಂದು ಎಳೆದು ಎರಡು ಒರೆಸಿದರೆ, ನಾನೊಂದು ಒರೆಸಿದರೆ, ದಿನಕ್ಕೆ ಎರಡು ಕಡಿಮೆಯಾಗಬೇಕು. ಒಂದೇ ದಿನ ಹದಿನೆಂಟಿದ್ದದ್ದು ಹದಿನಾಲ್ಕಕ್ಕೆ ಇಳಿಯಿತು. ಸಂಜೆ ಶಾಂತಾಳ ಸೆರಗಿನ ತುದಿ ಕಪ್ಪಾಗಿದ್ದುದನ್ನು ಕಂಡೆ. ಅವಳು ನನ್ನ ಟವೆಲನ್ನು ಕಂಡಳು. ಅಡುಗೆಮನೆಯಿಂದ ಅತ್ತೆಯ ದನಿ ಬಂತು, ಗೋಡೆಗೆ: “ಈ ಮನಿಯಾಗಿನ ಇಲಿ ಗೀಟು ಸೈತ ತಿಂತಾವಲ್ಲಾ, ಏನು ಹಸದಾವೋ ಏನೋ!”

ಹೀಗೆ ಎಷ್ಟು ದಿನ ನಡೆಯಿತು ಎಂದು ಕೇಳಬೇಡಿ. ನನ್ನ ನೆನಪು ಐವತ್ತು ಎನ್ನುತ್ತದೆ, ಶಾಂತಾ ಎರಡು ತಿಂಗಳು ತುಂಬಿತ್ತು ಎನ್ನುತ್ತಾಳೆ. ಕಾಲುವೆಗೆ ನೀರು ಬಿಟ್ಟು, ನೆಲ್ಲು ನಾಟಿ ಮುಗಿಯುವ ಹೊತ್ತಿಗೆ ಅವಳ ಅಣ್ಣ ಮಲ್ಲಣ್ಣ ಬಂದ. ಮೊಣಕಾಲ ತನಕ ಒಣಗಿದ ರಾಡಿ. ವಾರಗಟ್ಟಲೆ ನೀರಿನಲ್ಲಿ ನಿಂತವನು ನೀರಿಲ್ಲದವನ ಹಾಗೆ ಬತ್ತಿದ್ದ. ಕಟ್ಟೆಯ ಮೇಲೆ ಕೂತು ತಾಯಿಯ ಕಡೆ ನೋಡದೆ, “ಎವ್ವಾ, ನಡಿ ಊರಿಗಿ,” ಎಂದ.

“ಯಾಕ? ಕುಕ್ಕರ್ ಕೆಟ್ಟದೇನು?”

“ಕುಕ್ಕರ್ ಚಲೋ ಅದ. ನಾ ಕೆಟ್ಟೀನಿ. ಕೆಸರಾಗ ನಿಂತು ನಿಂತು ಸಾಕಾಗ್ಯಾದ. ಮಧ್ಯಾಹ್ನಕ್ಕ ಕಣ್ಣು ಕತ್ಲಿ ಬರ್ತಾವ. ಡಾಕ್ಟರಗ ತೋರಿಸೀನಿ, ಏನೂ ಇಲ್ಲ, ಚಂದಾಗಿ ಉಣ್ಣು ಅಂತಾನ. ಆಳು ಮಕ್ಕಳೂ ಹಂಗs ಅಂತಾರ, ‘ನೀಲವ್ವ ಇದ್ದಾಗ ಹೊಲಕ್ಕ ಅಂಬಲಿ ಬರ್ತಿತ್ತು’ ಅಂತ. ನಿನ್ ಸೊಸಿ ಕಾಸಿದ್ಳು, ಅಂಟಿನಂಗ ಆತು. ಅಕೀನೇ ಕಳಿಸ್ಯಾಳ, ‘ಅತ್ತೀನ್ನ ಕರ್ಕೊಂಡೇ ಬರ್ರಿ’ ಅಂತ.”

ನೀಲವ್ವ ಒಳಗೆ ಹೋಗಿ ಮಗನಿಗೆ ಒಂದು ತಂಬಿಗೆ ಅಂಬಲಿ ತಂದುಕೊಟ್ಟು, ಅವನು ಕುಡಿದು ಮುಗಿಸುವತನಕ ನಿಂತು ನೋಡಿದರು. “ನಾ ಹೆಂಗ ಬರ್ಲಿ? ಇಲ್ಲಿ ಅಳಿಯಾರ ಜಡ್ಡು ಇನ್ನ ಮುಗದಿಲ್ಲ,” ಎಂದರು. ಅವರ ಮುಖದ ಮೇಲೆ ಬೆಳಕು ಹತ್ತಿದ್ದನ್ನು ನಾನು ನೋಡಿದೆ. ಈ ಸಲ ನೋಡಿದೆ.

ಎರಡು ಮನೆಗೆ ಏಕಕಾಲಕ್ಕೆ ಬೇಕಾದ ಹೆಂಗಸು ಗಂಟು ಕಟ್ಟಲು ಅರ್ಧ ದಿನ ತೆಗೆದುಕೊಂಡರು. ಹೊರಡುವ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಒಳಗೆ ನಾನೊಬ್ಬನೇ ಇದ್ದೆ. ಅವರು ಗೋಡೆಯ ಕಡೆ ತಿರುಗುತ್ತಾರೆ ಎಂದು ಕಾದೆ. ತಿರುಗಲಿಲ್ಲ. ಎಂಟು ವರ್ಷದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಕೇಳಿದರು:

“ಅಳಿಯಾರ, ಗೀಟು ಎಷ್ಟು ಆಗ್ಯಾವ್ರಿ?”

ಎಣಿಸಿದೆ. “ಒಂಬತ್ತು ಅದಾವ್ರಿ ಅತ್ತಿ.”

“ಹಂಗಾರ ಇನ್ನ ಹನ್ನೆರಡು ಉಳದಾವ. ಒರಸಬ್ಯಾಡ್ರಿ, ಹಂಗs ಇರ್ಲಿ. ಸುಣ್ಣ ಹಚ್ಚಿಸಬ್ಯಾಡ್ರಿ. ಬರೂ ಬ್ಯಾಸಗಿಗಿ ಬಂದು ಮುಗಸ್ತೀನಿ.” ಒಂದು ಹೆಜ್ಜೆ ಹೋಗಿ ತಿರುಗಿದರು. “ಮತ್ತ ಸಿಲಿಂಡರ್ ಹೊತ್ತು ಹಂಗ ದಮ್ಮು ಹಾಕಬ್ಯಾಡ್ರಿ. ನಗಿ ಬರ್ತದ.”

ದೀಪಾವಳಿಗೆ ಮನೆಗೆಲ್ಲ ಸುಣ್ಣ ಹಚ್ಚಿಸಿದೆವು, ಆ ಒಂದು ಮೊಳ ಗೋಡೆಯನ್ನು ಬಿಟ್ಟು.

ಇಷ್ಟನ್ನು ನಾನು ನೆನಪಿನಿಂದ ಬರೆದಿದ್ದೇನೆ, ಹಾಗಾಗಿ ಯಾವುದಕ್ಕೂ ಜವಾಬ್ದಾರನಲ್ಲ. ಅಂಬಲಿ ನನ್ನನ್ನು ಗುಣಪಡಿಸಿತೋ, ಮಳೆಯೋ, ನಿದ್ದೆಯೋ, ಸಾಯಬಣ್ಣನ ಉಳ್ಳಾಗಡ್ಡಿಯೋ, ಇಂದಿಗೂ ಹೇಳಲಾರೆ. ಅತ್ತೆಯನ್ನು ಉಳಿಸಿಕೊಳ್ಳಲು ನಾನು ಜಾಣತನದಿಂದ ಒಂದು ನಾಟಕ ಹೂಡಿದೆ ಎಂದು ಮಾತ್ರ ಬಹಳ ದಿನ ಮನಸ್ಸಿನಲ್ಲೇ ಬೀಗುತ್ತಿದ್ದೆ. ಆ ಬರಿದಾಗದ ಗಂಟು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಹಾಗಾಗಿ ಒಂದು ಭಾನುವಾರ ನಮ್ಮ ಓಣಿಯ ತುದಿಯ ಹಿಟ್ಟಿನ ಗಿರಣಿಗೆ ಹೋಗಿ, ಗಿರಣಿಯ ಮಹಿಬೂಬಸಾಬನನ್ನು ಕೇಳಿದೆ, ನಮ್ಮ ಅತ್ತೆ ಇಲ್ಲಿ ಜೋಳ ಬೀಸಿಸಿದ್ದರೇ ಎಂದು.

“ಬೀಸಿಸದs ಏನ್ರಿ ಸರ! ಬಂದ ದಿನಾನೇ ಬಸ್ಸಿನಿಂದ ಚೀಲ ಇಳಿಸಿ ಸೀದಾ ಇಲ್ಲಿಗೇ ಹೊರಿಸಿಕೊಂಡು ಬಂದ್ರು. ‘ಇಲ್ಲೇ ಇರ್ಲಿ, ವಾರಕ್ಕೊಮ್ಮಿ ಸ್ವಲ್ಪ ಸ್ವಲ್ಪ ಬೀಸಿ ಕೊಡು, ಮನಿಯಾಗ ಹೇಳಬ್ಯಾಡ’ ಅಂದ್ರು. ಎಷ್ಟು ದಿನಕ್ಕಬೇ ಅಂದೆ. ಇಪ್ಪತ್ತೊಂದು ದಿನಕ್ಕ ಅಂದ್ರು. ಇಪ್ಪತ್ತೊಂದು ದಿನಕ್ಕ ಇಷ್ಟು ಜ್ವಾಳ ಯಾಕಬೇ ಅಂದೆ.” ಮಹಿಬೂಬಸಾಬ ಹಿಟ್ಟು ಮೆತ್ತಿದ ಮೀಸೆಯಲ್ಲಿ ನಕ್ಕ. “ಸಿಟ್ಟಾಗಬ್ಯಾಡ್ರಿ ಸರ. ‘ನಮ್ಮ ಅಳಿಯಾರು ಲೆಕ್ಕದ ಮಾಸ್ತರ, ಅವರಿಗಿ ಇಪ್ಪತ್ತೊಂದು ಎಣಸಲಾಕ ಎರಡು ತಿಂಗಳು ಹಿಡೀತದ’ ಅಂದ್ರು.”

ನಾನು ಅದನ್ನೂ ಸುಲಭಕ್ಕೆ ನಂಬಲಿಲ್ಲ. ಚೀಲ ತೋರಿಸು ಎಂದೆ. ಮೂಲೆಯಲ್ಲಿತ್ತು. ಬಾಯಿಗೆ ಅತ್ತೆಯ ಹಳೆಯ ಸೀರೆಯ ಹಸಿರು ಅಂಚು ಬಿಗಿದಿತ್ತು. ಗಂಟು ಬಿಚ್ಚಿ ಒಳಗೆ ಮೊಣಕೈತನಕ ಕೈ ಹಾಕಿ ನೋಡಿದೆ. ಜೋಳ ಇನ್ನೂ ಇತ್ತು.